ಜಗಳ ಇಲ್ಲದ ಡಿವೋರ್ಸ್, ಲಾಯರ್ ಇಟ್ಕೊಂಡಿಲ್ಲ: ಫೈನಾನ್ಶಿಯಲ್ ಆರ್ಡರ್ ಪ್ರಶ್ನೆಗೆ ಏನು ಹಾಕೋದು? (ಇಂಗ್ಲೆಂಡ್)

ನೀಲಿಕೊಡೆ:
ಎಲ್ರಿಗೂ ನಮಸ್ಕಾರ. ನಾನೂ ನನ್ನ ಗಂಡನೂ ಇಂಗ್ಲೆಂಡಲ್ಲಿದೀವಿ, ಇಬ್ರೂ ಕೂತು ಮಾತಾಡ್ಕೊಂಡು ಬೇರೆ ಆಗೋಣ ಅಂತ ತೀರ್ಮಾನ ಮಾಡಿದೀವಿ. ಮನಸ್ತಾಪ ಏನೂ ಇಲ್ಲ, ಮಗಳು ಇಬ್ರ ಹತ್ರಾನೂ ಇರ್ತಾಳೆ. ಆನ್‌ಲೈನಲ್ಲಿ ಜಂಟಿ ಅರ್ಜಿ ತುಂಬ್ತಾ ಇದ್ವಿ, ಎಲ್ಲಾ ಸರಾಗವಾಗಿ ಹೋಗ್ತಿತ್ತು, 'ಫೈನಾನ್ಶಿಯಲ್ ಆರ್ಡರ್‌ಗೆ (ದುಡ್ಡು, ಆಸ್ತಿ ಹಂಚಿಕೆ ಬಗ್ಗೆ ಕೋರ್ಟ್ ಕೊಡೋ ಆದೇಶ) ಅರ್ಜಿ ಹಾಕ್ತೀರಾ' ಅನ್ನೋ ಕಡೆ ನಿಂತ್ಬಿಟ್ಟಿದೀವಿ. ಹೌದು ಅಂದ್ರೆ ಅವರ ಮೇಲೆ ಕೇಸ್ ಹಾಕಿದ ಹಾಗಾಗುತ್ತೇನೋ ಅಂತ ನಂಗೆ ಭಯ, ಇಲ್ಲ ಅಂದ್ರೆ ಮುಂದೆ ನಂಗೇ ತೊಂದರೆ ಆಗುತ್ತೇನೋ ಅಂತ ಅವರಿಗೆ ಚಿಂತೆ. ಮನೆ ಇಬ್ರ ಹೆಸರಲ್ಲೂ ಇದೆ, ಮಾರ್ಟ್‌ಗೇಜ್ ಇನ್ನೂ ತೀರಿಲ್ಲ, ಮನೆ ಅವರೇ ಇಟ್ಕೊಂಡು ನನ್ನ ಪಾಲಿನ ದುಡ್ಡು ಕೊಡ್ತಾರೆ. ಅವರ ಪೆನ್ಶನ್ ನಂದಕ್ಕಿಂತ ತುಂಬಾ ದೊಡ್ಡದು, ಆದ್ರೆ ಅದು ನಂಗೆ ಬೇಡ. ಇಷ್ಟನ್ನ ಒಂದು ಹಾಳೇಲಿ ಬರೆದು ಇಬ್ರೂ ಸೈನ್ ಹಾಕಿ ಇಟ್ಕೊಂಡ್ರೆ ಸಾಲದಾ?

ಹಳೇಕಡತ:
ಮೇಡಂ, ಸಾಲಲ್ಲ. ಈ ಒಂದು ವಿಷಯ ಮಾತ್ರ ದಯವಿಟ್ಟು ಗಟ್ಟಿಯಾಗಿ ಹಿಡ್ಕೊಳ್ಳಿ, ಡಿವೋರ್ಸ್ ಬೇರೆ, ದುಡ್ಡಿನ ಲೆಕ್ಕ ಮುಗಿಯೋದು ಬೇರೆ. ಮದುವೆ ಮುಗಿದ್ರೂ ಒಬ್ಬರ ಮೇಲೊಬ್ಬರಿಗೆ ಇರೋ ಹಕ್ಕು ತಾನಾಗೇ ಮುಗಿಯಲ್ಲ, ಕೋರ್ಟ್ ಆರ್ಡರ್ ಇದ್ರೆ ಮಾತ್ರ ಮುಗಿಯುತ್ತೆ. ವಯಟ್ ಮತ್ತು ವಿನ್ಸ್ ಕೇಸ್ ಹುಡುಕಿ ಓದಿ. 1992ರಲ್ಲಿ ಡಿವೋರ್ಸ್ ಆಗಿತ್ತು, ಆಗ ಇಬ್ರ ಹತ್ರಾನೂ ಕಾಸಿರಲಿಲ್ಲ, ಆಮೇಲೆ ಗಂಡ ಗಾಳಿ ವಿದ್ಯುತ್ ಕಂಪನಿ ಕಟ್ಟಿ ಶ್ರೀಮಂತ ಆದ್ರು, ಹೆಂಡತಿ 2011ರಲ್ಲಿ ಕ್ಲೇಮ್ ಹಾಕಿದ್ರು, 2015ರಲ್ಲಿ ಸುಪ್ರೀಂ ಕೋರ್ಟ್ ಆ ಕ್ಲೇಮ್ ಮುಂದುವರೀಬಹುದು ಅಂತು. ಕೊನೆಗೆ 3 ಲಕ್ಷ ಪೌಂಡ್‌ಗೆ ರಾಜಿ ಆಯ್ತು. ಮನಸ್ಸು ಕೆಟ್ಟೋರು ಮಾತ್ರ ಹೀಗೆ ಮಾಡ್ತಾರೆ ಅಂತಲ್ಲ, ಇಪ್ಪತ್ತು ವರ್ಷದಲ್ಲಿ ಪರಿಸ್ಥಿತಿ ಬದಲಾಗುತ್ತೆ ರೀ.

ನಿಮ್ಮ ಪ್ರಶ್ನೆಗೆ ಬಂದ್ರೆ, ಇಬ್ರೂ ಹೌದು ಅಂತಾನೇ ಹಾಕಿ. ಅದು ಕೇಸ್ ಅಲ್ಲ, ಬಾಗಿಲು ತೆರೆದಿಡೋದು ಅಷ್ಟೇ, ಬೇರೆ ಫಾರ್ಮ್ ಫೀಸ್ ಸಮೇತ ಹೋಗೋವರೆಗೂ ಏನೂ ಶುರುವಾಗಲ್ಲ. ಹಾಕದೇ ಬಿಟ್ರೆ ಒಂದು ಅಪಾಯ ಇದೆ. ಆರ್ಡರ್ ಇಲ್ದೇ ಇನ್ನೊಂದು ಮದುವೆ ಆದ್ರೆ ಮನೆ, ಒಂದೇ ಸಲಕ್ಕೆ ಕೊಡೋ ದೊಡ್ಡ ಮೊತ್ತ, ಜೀವನಾಂಶ ಇವನ್ನ ತನಗೋಸ್ಕರ ಕೇಳೋ ಹಕ್ಕೇ ಹೋಗುತ್ತೆ, ಮದುವೆಗೆ ಮುಂಚೆ ಅರ್ಜೀಲಿ ಕೇಳಿಟ್ಟಿದ್ರೆ ಮಾತ್ರ ಉಳಿಯುತ್ತೆ.

ಆಮೇಲೆ ನಿಮ್ಮ ಆ ಹಾಳೇನ ಕನ್ಸೆಂಟ್ ಆರ್ಡರ್ ಮಾಡಿಸ್ಕೊಳ್ಳಿ, ಅಂದ್ರೆ ಇಬ್ರೂ ಒಪ್ಪಿದ ಹಂಚಿಕೆಗೆ ಕೋರ್ಟ್ ಆದೇಶದ ರೂಪ. ಡಿವೋರ್ಸ್ ಅರ್ಜೀನ ಕೋರ್ಟ್ ಇಶ್ಯೂ ಮಾಡಿ 20 ವಾರಕ್ಕೆ ಕಂಡೀಶನಲ್ ಆರ್ಡರ್ (ಡಿವೋರ್ಸ್‌ನ ಮೊದಲ ಹಂತದ ಆದೇಶ) ಕೇಳಬಹುದು, ಅದು ಸಿಕ್ಕ ಮೇಲೇನೇ ಜಡ್ಜ್ ಕನ್ಸೆಂಟ್ ಆರ್ಡರ್‌ಗೆ ಒಪ್ಪಿಗೆ ಕೊಡೋದು. ಆರ್ಡರ್ ಕರಡು, ಡಿ81 (ಇಬ್ರ ಆಸ್ತಿ, ಆದಾಯದ ವಿವರ ತುಂಬೋ ಫಾರ್ಮ್), ಫಾರ್ಮ್ ಎ (ಫೈನಾನ್ಶಿಯಲ್ ಆರ್ಡರ್ ಕೇಳೋ ಫಾರ್ಮ್), ಫೀಸ್, ಇಷ್ಟು ಕಳಿಸಬೇಕು. ಕರಡನ್ನ ಮಾತ್ರ ಲಾಯರ್ ಹತ್ರ ಬರೆಸಿ ಅಂತ ನನ್ನ ಬಲವಾದ ಸಲಹೆ, ಬಾಕಿ ಎಲ್ಲಾ ನೀವೇ ಮಾಡಬಹುದು, ಆದ್ರೆ ಕ್ಲೀನ್ ಬ್ರೇಕ್, ಅಂದ್ರೆ ಮುಂದೆ ಒಬ್ಬರನ್ನೊಬ್ಬರು ದುಡ್ಡು ಕೇಳೋ ಹಾಗಿಲ್ಲ ಅನ್ನೋದು, ಬರೀ ಪದಗಳ ಮೇಲೇ ನಿಂತಿರುತ್ತೆ, ಒಬ್ಬರು ತೀರ್ಕೊಂಡ್ರೆ ಇನ್ನೊಬ್ಬರು ಅವರ ಆಸ್ತಿ ಮೇಲೆ ಕ್ಲೇಮ್ ಹಾಕೋ ಹಾಗಿಲ್ಲ ಅನ್ನೋ ಸಾಲು ಕೂಡ ಅದ್ರಲ್ಲಿ ಬರಬೇಕು. ಮಗಳ ಖರ್ಚನ್ನ ಮಾತ್ರ ಯಾವ ಕ್ಲೀನ್ ಬ್ರೇಕೂ ಮುಗಿಸಲ್ಲ.

ಸರಳರೇಖೆ:
ಮೇಲಿನವರು ಹೇಳಿದ್ದೆಲ್ಲ ಸರಿ, ಆದ್ರೆ ಅಕ್ಕಾ, 'ಪೆನ್ಶನ್ ನಂಗೆ ಬೇಡ' ಅನ್ನೋ ಮಾತು ಓದಿ ನಂಗೆ ಸಂಕಟ ಆಯ್ತು. ಬೇಡ ಅನ್ನೋಕೆ ಮುಂಚೆ ಎಷ್ಟಿದೆ ಅಂತ ತಿಳ್ಕೊಳ್ಳಿ. ಇಬ್ರೂ ನಿಮ್ಮ ನಿಮ್ಮ ಸ್ಕೀಮ್‌ಗೆ ಬರೆದು ಇವತ್ತಿನ ಮೌಲ್ಯದ ಪತ್ರ ತರಿಸಿ, ಬರೋಕೆ ಟೈಮ್ ಹಿಡಿಯುತ್ತೆ, ಈಗ್ಲೇ ಕೇಳಿ. ಎಷ್ಟೋ ಮನೇಲಿ ಪೆನ್ಶನ್ನೇ ದೊಡ್ಡ ಆಸ್ತಿ, ಮಗು ನೋಡ್ಕೊಳ್ಳೋಕೆ ಕೆಲಸ ಕಮ್ಮಿ ಮಾಡ್ಕೊಂಡೋರ ಪೆನ್ಶನ್ನೇ ಚಿಕ್ಕದಾಗಿರೋದು, ಅದು ಧಾರಾಳವಾಗಿ ಬಿಟ್ಕೊಡೋ ವಿಷಯ ಅಲ್ಲ. ಪೆನ್ಶನ್ ಪಾಲು ಮಾಡೋದಾದ್ರೆ ಅದರ ವಿವರ ಬರೆಯೋ ಪಿ1 ಅನ್ನೋ ಇನ್ನೊಂದು ಕಾಗದ ಸೇರುತ್ತೆ, ಅಷ್ಟೇ. ಎಲ್ಲಾ ನೋಡಿ ಆಮೇಲೂ ಬೇಡ ಅನ್ನಿಸಿದ್ರೆ ಅದು ನಿಮ್ಮ ಇಷ್ಟ.

ನೀಲಿಕೊಡೆ:
ಇಬ್ರಿಗೂ ತುಂಬಾ ಥ್ಯಾಂಕ್ಸ್, ಪೆನ್ಶನ್ ಪತ್ರಕ್ಕೆ ಇಬ್ರೂ ಇವತ್ತೇ ಬರೀತೀವಿ. ಡಿ81ರಲ್ಲಿ ಏನೇನು ತುಂಬಬೇಕು? ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲಾ ಕೊಡಬೇಕಾ? ಬೇರೆ ದೇಶದಲ್ಲಿರೋ ಆಸ್ತೀನೂ ತೋರಿಸಬೇಕಾ?

ಹಳೇಕಡತ:
ಸ್ಟೇಟ್‌ಮೆಂಟ್ ಕಂತೆ ಕಳಿಸೋದು ಬೇಡ, ಆದ್ರೆ ಸಂಖ್ಯೆಗಳು ನಿಜ ಇರಬೇಕು, ಕೊನೇಲಿ ಇಬ್ರೂ ಸತ್ಯ ಅಂತ ಸೈನ್ ಹಾಕ್ತೀರ. ಬೇರೆ ದೇಶದ್ದೂ ತೋರಿಸಬೇಕು, ಅಮ್ಮನ ಜೊತೆ ಜಂಟಿ ಖಾತೆ ಇದ್ರೆ ಅದೂನೂ. ಶಾರ್ಲಂಡ್ ಕೇಸಲ್ಲಿ ಗಂಡ ಕಂಪನಿ ಬಗ್ಗೆ ಸುಳ್ಳು ಹೇಳಿದ್ದಕ್ಕೆ ಒಪ್ಪಿಗೆಯಿಂದ ಆಗಿದ್ದ ಲೆಕ್ಕಾನೇ 2015ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ತೆಗೀತು.

ಆ ಫಾರ್ಮಲ್ಲಿ ಈ ಹಂಚಿಕೆ ಯಾಕೆ ನ್ಯಾಯ ಅಂತ ಬರೆಯೋಕೆ ಜಾಗ ಇದೆ, ಜನ ಅಲ್ಲಿ 'ಇಬ್ಬರಿಗೂ ಒಪ್ಪಿಗೆ' ಅಂತ ಎರಡು ಪದ ಗೀಚಿ ಬಿಡ್ತಾರೆ. ಜಡ್ಜ್ ಸಾಮಾನ್ಯವಾಗಿ ನಿಮ್ಮನ್ನ ನೋಡಲ್ಲ, ಕಾಗದ ಮಾತ್ರ ನೋಡ್ತಾರೆ, ಒಂದು ಕಡೆ ದೊಡ್ಡ ಪೆನ್ಶನ್ ಇನ್ನೊಂದು ಕಡೆ ಚಿಕ್ಕದು ಕಂಡ್ರೆ ಯಾಕೆ ಅಂತ ಕೇಳಿ ವಾಪಸ್ ಕಳಿಸಬಹುದು. ಮಗಳು ಯಾರ ಹತ್ರ ಎಷ್ಟು ದಿನ ಇರ್ತಾಳೆ, ನೀವು ಎಲ್ಲಿ ವಾಸ ಮಾಡ್ತೀರ, ಮನೆ ಪಾಲು ಯಾಕೆ ಅಷ್ಟು, ಇದನ್ನ ನಿಮ್ಮ ಮಾತಲ್ಲೇ ಬಿಡಿಸಿ ಬರೀರಿ.

ಸರಳರೇಖೆ:
ಮಾರ್ಟ್‌ಗೇಜ್ ಬಗ್ಗೆ ಒಂದು ಮಾತು. ಮನೆ ಅವರಿಗೆ ಅಂತ ಕೋರ್ಟ್ ಬರೆದ್ರೂ ಸಾಲ ಕೊಟ್ಟೋರು ಒಪ್ಪೋವರೆಗೂ ನಿಮ್ಮ ಹೆಸರು ಸಾಲದಲ್ಲೇ ಇರುತ್ತೆ, ಅವರು ಕಂತು ತಪ್ಪಿಸಿದ್ರೆ ನಿಮ್ಮನ್ನೂ ಕೇಳ್ತಾರೆ. ಅವರೊಬ್ಬರ ಸಂಬಳದ ಮೇಲೆ ಸಾಲ ಸಿಗುತ್ತಾ ಅಂತ ಕರಡು ಬರೆಯೋಕೆ ಮುಂಚೆನೇ ಕೇಳಿಸಿ.

ಇನ್ನೊಂದು, ಕಂಡೀಶನಲ್ ಆರ್ಡರ್ ಆಗಿ 6 ವಾರ ಕಳೆದ ಮೇಲೆ ಫೈನಲ್ ಆರ್ಡರ್ (ಮದುವೆ ಪೂರ್ತಿ ಮುಗಿಸೋ ಆದೇಶ) ಕೇಳಬಹುದು, ಆಗ ಅವಸರ ಮಾಡ್ಬೇಡಿ. ಕನ್ಸೆಂಟ್ ಆರ್ಡರ್ ಕೋರ್ಟ್ ಸೀಲ್ ಬಿದ್ದು ಕೈಗೆ ಬರಲಿ. ಫೈನಲ್ ಆರ್ಡರ್ ಮೊದಲೇ ಆಗಿಹೋಗಿ, ಕನ್ಸೆಂಟ್ ಆರ್ಡರ್ ಬರೋದ್ರೊಳಗೆ ಯಾರಾದ್ರೂ ತೀರ್ಕೊಂಡ್ರೆ ಗಂಡ ಹೆಂಡತಿ ಅಂತ ಸಿಗಬೇಕಾಗಿದ್ದ ಪೆನ್ಶನ್ ಸಿಗದೇ ಹೋಗಬಹುದು, ಹೊಸ ಲೆಕ್ಕಾನೂ ಆಗಿರಲ್ಲ.