ಮೂರು ತಿಂಗಳ ಶುಗರ್ 6.6, ಫಾಸ್ಟಿಂಗ್ 103: ಅಮ್ಮನಿಗೆ ಶುಗರ್ ಇದೆಯೋ ಇಲ್ಲವೋ?

ವಿಜಯನಗರದ ಮಗಳು:

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 46 ವರ್ಷ. ಕೆಲವು ತಿಂಗಳಿಂದ ತುಂಬಾ ಸುಸ್ತು ಅನ್ನುತ್ತಿದ್ದರು. ಎರಡನೇ ಮಹಡಿಯ ಮನೆ, ಮೆಟ್ಟಿಲು ಹತ್ತಿ ಬಂದರೆ ಏದುಸಿರು ಬಿಡುತ್ತಾರೆ. ಸರಿ, ಒಮ್ಮೆ ನೋಡಿಬಿಡೋಣ ಎಂದು ಫುಲ್ ಬಾಡಿ ಚೆಕಪ್ ಪ್ಯಾಕೇಜ್ ಬುಕ್ ಮಾಡಿದೆ. ಬೆಳಿಗ್ಗೆ ಹುಡುಗ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋದ, ತಿಂಡಿ ಆದ ಮೇಲೆ ಇನ್ನೊಂದು ಸಲ ಬಂದ. ಸಂಜೆ ಫೋನಿಗೆ ಪುಟಗಟ್ಟಲೆ ರಿಪೋರ್ಟ್ ಬಂತು.

ಫಾಸ್ಟಿಂಗ್ 103. ತಿಂಡಿ ಆಗಿ ಎರಡು ಗಂಟೆಗೆ 128. ಎಚ್‌ಬಿಎ1ಸಿ ಅಂತಾರಲ್ಲ, ಮೂರು ತಿಂಗಳ ಶುಗರ್, ಅದು 6.6. ಅದರ ಪಕ್ಕದಲ್ಲೇ ಕೆಂಪಕ್ಷರದಲ್ಲಿ ‘ಡಯಾಬಿಟಿಕ್’ ಅಂತ ಹಾಕಿದ್ದಾರೆ. ಇನ್ನೂ ಕೆಂಪಾಗಿ ಇರುವುದು ಅಂದರೆ ಹಿಮೋಗ್ಲೋಬಿನ್ 8.9, ಎಂಸಿವಿ 68, ವಿಟಮಿನ್ ಡಿ ಕಡಿಮೆ. ಕಿಡ್ನಿಯದ್ದು ಕ್ರಿಯಾಟಿನಿನ್, ಲಿವರ್ ಎಲ್ಲ ಸರಿಯಾಗಿದೆ.

ಅದನ್ನು ನೋಡಿದಾಗಿನಿಂದ ಅಮ್ಮ ಅನ್ನ ಮುಟ್ಟುತ್ತಿಲ್ಲ. ಅಜ್ಜಿಗೆ ಶುಗರ್ ಇತ್ತು, ಗಾಯ ವಾಸಿಯಾಗದೆ ಕಾಲಿನ ಬೆರಳು ತೆಗೆದಿದ್ದರು, ಆ ಭಯ ಅಮ್ಮನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಮೂರು ಹೊತ್ತೂ ಮುದ್ದೆ, ಆಮೇಲೆ ಸಕ್ಕರೆ ಇಲ್ಲದ ಕಾಫಿ. ಎದುರು ಮನೆ ಆಂಟಿ ಬೇರೆ ತಮ್ಮ ಮಾತ್ರೆಯನ್ನೇ ಅರ್ಧ ಮಾಡಿ ತೆಗೆದುಕೊಳ್ಳಿ ಎಂದಿದ್ದಾರೆ, ನಾನು ಬೇಡ ಅಂದೆ. ಡಾಕ್ಟರ್ ಅಪಾಯಿಂಟ್‌ಮೆಂಟ್ ಸಿಕ್ಕಿರುವುದು ಮುಂದಿನ ವಾರ. ಅಲ್ಲಿಯವರೆಗೆ ನನಗೆ ಗೊತ್ತಾಗಬೇಕಾಗಿರುವುದು ಇಷ್ಟೇ: ಎರಡು ಟೆಸ್ಟ್ ಒಂದು ಹೇಳಿ, ಮೂರನೆಯದು ಇನ್ನೊಂದು ಹೇಳಿದರೆ ಯಾವುದನ್ನು ನಂಬಬೇಕು?

ಮಾಗಡಿ ರೋಡ್:

ಫ್ಯಾಮಿಲಿಯಲ್ಲಿ ಶುಗರ್ ಇದೆ, ಎಚ್‌ಬಿಎ1ಸಿ 6.5 ದಾಟಿದೆ. ಇನ್ನೇನು ಅನುಮಾನ? ಫಾಸ್ಟಿಂಗ್ ಒಂದು ದಿನದ್ದು, ಹಿಂದಿನ ರಾತ್ರಿ ಕಡಿಮೆ ತಿಂದಿದ್ದರೆ ಚೆನ್ನಾಗಿಯೇ ಬರುತ್ತದೆ. ಮೂರು ತಿಂಗಳದ್ದನ್ನು ಮೋಸ ಮಾಡಲು ಆಗಲ್ಲ. ನಮ್ಮ ತಂದೆ ಹೀಗೇ ‘ಬಾರ್ಡರ್, ಬಾರ್ಡರ್’ ಅಂತ ಮುಂದೂಡುತ್ತಾ ಹೋಗಿ ಕೊನೆಗೆ ಕಿಡ್ನಿಗೆ ತೊಂದರೆ ಮಾಡಿಕೊಂಡರು. ದಯವಿಟ್ಟು ತಡ ಮಾಡಬೇಡಿ.

ನಾಗರಬಾವಿ ಲ್ಯಾಬ್‌ನವನು:

ನಾನು ಲ್ಯಾಬ್ ಟೆಕ್ನೀಷಿಯನ್, ಡಾಕ್ಟರ್ ಅಲ್ಲ. ಆದರೆ ಇಂಥ ರಿಪೋರ್ಟ್ ದಿನಾ ನನ್ನ ಕೈಯಲ್ಲೇ ಹಾದುಹೋಗುತ್ತದೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೇಡಂ, ನಿಮ್ಮ ಅಮ್ಮನ ರಿಪೋರ್ಟ್‌ನಲ್ಲಿ ಮೊದಲು ನೋಡಬೇಕಾಗಿರುವುದು 6.6 ಅಲ್ಲ, 8.9. ಹೆಂಗಸರಿಗೆ ಹಿಮೋಗ್ಲೋಬಿನ್ 12 ಇರಬೇಕು. ಎಂಸಿವಿ ಅಂದರೆ ಕೆಂಪು ರಕ್ತಕಣದ ಗಾತ್ರ, ಅದು 80 ರಿಂದ 100 ರ ಒಳಗೆ ಇರಬೇಕು. 68 ಅಂದರೆ ಕಣಗಳು ಸಣ್ಣದಾಗಿವೆ. ಎರಡೂ ಒಟ್ಟಿಗೆ ಕಡಿಮೆ ಬಂದರೆ ಸಾಮಾನ್ಯವಾಗಿ ಕಬ್ಬಿಣದ ಕೊರತೆ. ಸುಸ್ತು, ಏದುಸಿರು ಎರಡಕ್ಕೂ ಅದೇ ಕಾರಣ ಇರಬಹುದು.

ಈಗ ಎಚ್‌ಬಿಎ1ಸಿ ವಿಷಯ. ರಕ್ತದಲ್ಲಿರುವ ಸಕ್ಕರೆ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ, ಒಮ್ಮೆ ಅಂಟಿದರೆ ಬಿಡುವುದಿಲ್ಲ. ಕೆಂಪು ಕಣದ ಆಯಸ್ಸು ಸುಮಾರು 120 ದಿನ. ಅಷ್ಟು ದಿನದಲ್ಲಿ ಎಷ್ಟು ಪಾಲು ಹಿಮೋಗ್ಲೋಬಿನ್‌ಗೆ ಸಕ್ಕರೆ ಹತ್ತಿದೆ ಅನ್ನುವುದೇ ಆ ಶೇಕಡಾ ಲೆಕ್ಕ. ಕಬ್ಬಿಣ ಕಡಿಮೆ ಇದ್ದಾಗ ದೇಹ ಹೊಸ ಕಣ ಮಾಡುವುದು ನಿಧಾನವಾಗುತ್ತದೆ, ಹಳೆಯ ಕಣಗಳೇ ಜಾಸ್ತಿ ಉಳಿದಿರುತ್ತವೆ. ಬಾಲ್ಕನಿಯಲ್ಲಿ ಒಣಗಲು ಹಾಕಿದ ಬಟ್ಟೆ ಜಾಸ್ತಿ ದಿನ ಅಲ್ಲೇ ಇದ್ದರೆ ಜಾಸ್ತಿ ಧೂಳು ಹಿಡಿಯುತ್ತದೆ ಅಲ್ವಾ, ಹಾಗೆ. ಧೂಳು ಜಾಸ್ತಿ ಬಂದಿದೆ ಅಂತ ಅರ್ಥ ಅಲ್ಲ. ಹಾಗಾಗಿ ಎಚ್‌ಬಿಎ1ಸಿ, ಶುಗರ್ ಇದ್ದದ್ದಕ್ಕಿಂತ ಹೆಚ್ಚು ಇರುವಂತೆ ತೋರಿಸುತ್ತದೆ. ಇದಕ್ಕೆ ಉಲ್ಟಾನೂ ಇದೆ: ಇತ್ತೀಚೆಗೆ ಒಮ್ಮೆಲೇ ರಕ್ತ ಜಾಸ್ತಿ ಹೋಗಿದ್ದರೆ, ಇತ್ತೀಚೆಗೆ ರಕ್ತ ಹಾಕಿಸಿಕೊಂಡಿದ್ದರೆ, ಕಣಗಳು ಬೇಗ ಒಡೆಯುವ ಕಾಯಿಲೆ ಇದ್ದರೆ ಕಡಿಮೆ ತೋರಿಸುತ್ತದೆ.

6.6 ಅನ್ನು ಸರಾಸರಿ ಗ್ಲೂಕೋಸ್‌ಗೆ ತಿರುಗಿಸಿದರೆ 143 ರ ಹತ್ತಿರ ಬರುತ್ತದೆ. ಫಾಸ್ಟಿಂಗ್ 103, ತಿಂಡಿ ಆದ ಮೇಲೆ 128 ಇರುವವರ ಸರಾಸರಿ 143 ಹೇಗೆ ಆಗುತ್ತದೆ? ಒಂದೇ ದಿನದ ಲೆಕ್ಕ ಅನ್ನುವುದು ನಿಜ, ಆದರೂ ಹೊಂದುವುದಿಲ್ಲ.

ಹಾಗಂತ ಶುಗರ್ ಇಲ್ಲ ಅಂತ ನಾನು ಹೇಳುತ್ತಿಲ್ಲ. ಮಾಗಡಿ ರೋಡ್ ಸರ್ ಹೇಳಿದ್ದರಲ್ಲೂ ಅರ್ಥ ಇದೆ, ಯಾಕೆಂದರೆ ಆ 103 ಕೂಡ ಸಂಶಯಕ್ಕೆ ಅತೀತ ಏನಲ್ಲ. ರಕ್ತ ತೆಗೆದ ಮೇಲೂ ಟ್ಯೂಬಿನೊಳಗೆ ಕಣಗಳು ಗ್ಲೂಕೋಸ್ ತಿನ್ನುತ್ತಲೇ ಇರುತ್ತವೆ. ಹಾಗೇ ಇಟ್ಟರೆ ಗಂಟೆಗೆ ಶೇಕಡಾ 5 ರಿಂದ 7 ರಷ್ಟು ಇಳಿಯುತ್ತದೆ. ಅದನ್ನು ತಡೆಯಲು ಬೂದು ಮುಚ್ಚಳದ ಟ್ಯೂಬಿನಲ್ಲಿ ಫ್ಲೋರೈಡ್ ಇರುತ್ತದೆ, ಆದರೆ ಅದು ಪೂರ್ತಿ ಕೆಲಸ ಮಾಡಲು ಒಂದೆರಡು ಗಂಟೆ ಬೇಕು. ಮನೆಗೆ ಬಂದ ಹುಡುಗ ಇನ್ನೂ ನಾಲ್ಕು ಮನೆ ಮುಗಿಸಿಕೊಂಡು, ಟ್ರಾಫಿಕ್ ದಾಟಿ ಲ್ಯಾಬ್ ಮುಟ್ಟುವಷ್ಟರಲ್ಲಿ ನಂಬರ್ ಸ್ವಲ್ಪ ಕೆಳಗೆ ಬಂದಿರಬಹುದು. ಅನುಮಾನ ಇರುವ ಶುಗರ್ ಟೆಸ್ಟ್‌ಗೆ ಲ್ಯಾಬ್‌ಗೇ ಹೋಗಿ ರಕ್ತ ಕೊಡಿ.

ಗೆರೆಗಳು ಹೀಗಿವೆ. ಫಾಸ್ಟಿಂಗ್ 100 ರ ಕೆಳಗೆ ನಾರ್ಮಲ್, 126 ಮುಟ್ಟಿದರೆ ಶುಗರ್, ಮಧ್ಯದ್ದು ಬಾರ್ಡರ್. 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ಗಂಟೆಗೆ 140 ರ ಕೆಳಗೆ ನಾರ್ಮಲ್, 200 ಮುಟ್ಟಿದರೆ ಶುಗರ್. ಎಚ್‌ಬಿಎ1ಸಿ 5.7 ರ ಕೆಳಗೆ ನಾರ್ಮಲ್, 6.5 ರಿಂದ ಶುಗರ್. ಆದರೆ ಅತಿ ಬಾಯಾರಿಕೆ, ಪದೇ ಪದೇ ಮೂತ್ರ, ತೂಕ ಇಳಿಯುವುದು ಇಂಥ ಲಕ್ಷಣ ಇಲ್ಲದವರಿಗೆ ಒಂದೇ ಒಂದು ನಂಬರ್ ನೋಡಿ ಶುಗರ್ ಅಂತ ತೀರ್ಮಾನ ಮಾಡುವುದಿಲ್ಲ, ಇನ್ನೊಂದು ಟೆಸ್ಟ್ ಅದನ್ನೇ ಹೇಳಬೇಕು. ರಿಪೋರ್ಟ್‌ನಲ್ಲಿ ಬರುವ ಆ ಕೆಂಪಕ್ಷರ ಕಂಪ್ಯೂಟರ್ ಹಾಕಿದ್ದು, ಅದಕ್ಕೆ ನಿಮ್ಮ ಅಮ್ಮನ ಹಿಮೋಗ್ಲೋಬಿನ್ ಗೊತ್ತಿಲ್ಲ.

ಮುಂದಿನ ವಾರದವರೆಗೆ ಕಾಯಬೇಡಿ. 8.9 ಇದ್ದು ಏದುಸಿರು ಬರುತ್ತಿದೆ ಅಂದರೆ ಒಂದೆರಡು ದಿನದಲ್ಲೇ ಹತ್ತಿರದ ಯಾವುದಾದರೂ ಡಾಕ್ಟರಿಗೆ ತೋರಿಸಿ. ಫೆರಿಟಿನ್ (ದೇಹದಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ತೋರಿಸುವ ಟೆಸ್ಟ್) ಮಾಡಿಸಬೇಕಾ, ಗ್ಲೂಕೋಸ್ ಕುಡಿಸಿ ಮಾಡುವ ಟೆಸ್ಟ್ ಬೇಕಾ ಎಂದು ಕೇಳಿ. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಿದೆಯಾ ಅಂತ ಅಮ್ಮನನ್ನು ನೀವೇ ಕೂರಿಸಿಕೊಂಡು ಕೇಳಿ, ಈ ವಯಸ್ಸಿನವರು ತಾವಾಗಿ ಹೇಳುವುದಿಲ್ಲ. ಆಂಟಿಯ ಮಾತ್ರೆ ಬೇಡ ಅಂದಿದ್ದು ಒಳ್ಳೆಯದಾಯಿತು.

ಬಸವನಗುಡಿ ಅತ್ತೆ:

ಮಗಳೇ, ನನಗೆ ಶುಗರ್ ಬಂದು ಬಹಳ ವರ್ಷ ಆಯಿತು, ಈಗಲೂ ದಿನಾ ಬ್ಯೂಗಲ್ ರಾಕ್ ಪಾರ್ಕಿನಲ್ಲಿ ನಡೆಯುತ್ತೇನೆ, ಮೊಮ್ಮಕ್ಕಳ ಜೊತೆ ಮೆಟ್ಟಿಲು ಹತ್ತುತ್ತೇನೆ. ಅದನ್ನು ಅಮ್ಮನಿಗೆ ಮೊದಲು ಹೇಳು. ನಿಮ್ಮ ಅಜ್ಜಿಯ ಕಾಲಕ್ಕೂ ಈಗಕ್ಕೂ ತುಂಬಾ ವ್ಯತ್ಯಾಸ ಇದೆ. ಆಗ ಗಾಯ ಆದ ಮೇಲೆ ಶುಗರ್ ಇದೆ ಅಂತ ಗೊತ್ತಾಗುತ್ತಿತ್ತು.

ಆ ಮುದ್ದೆಯ ವಿಷಯ ಹೇಳಲೇಬೇಕು. ರಾಗಿ ತಿಂದರೆ ಶುಗರ್ ಏರಲ್ಲ ಅಂತ ನಮ್ಮ ಜನ ನಂಬಿಕೊಂಡು ದೊಡ್ಡ ದೊಡ್ಡ ಮುದ್ದೆ ತಿನ್ನುತ್ತಾರೆ. ನೂರು ಗ್ರಾಂ ಅಕ್ಕಿಯಲ್ಲಿ ಕಾರ್ಬೋಹೈಡ್ರೇಟ್ 78 ಗ್ರಾಂ ಇದ್ದರೆ ರಾಗಿಯಲ್ಲೂ 70 ರ ಹತ್ತಿರ ಇದೆ. ನಾರು ಜಾಸ್ತಿ, ಕ್ಯಾಲ್ಸಿಯಂ ಜಾಸ್ತಿ, ಒಳ್ಳೆಯ ಧಾನ್ಯವೇ. ಆದರೆ ಅಳತೆ ಮುಖ್ಯ. ಇನ್ನೊಂದು, ಲ್ಯಾಬಿನವರು ಹೇಳಿದ ಹಾಗೆ ಕಬ್ಬಿಣ ಕಡಿಮೆ ಇದ್ದರೆ ಮೂರು ಹೊತ್ತೂ ಮುದ್ದೆ ಉಂಡು ಮೇಲೆ ಕಾಫಿ ಕುಡಿಯುವುದು ಸರಿಯಲ್ಲ. ರಾಗಿಯಲ್ಲಿರುವ ಫೈಟೇಟು, ಟ್ಯಾನಿನ್ನು, ಜೊತೆಗೆ ಕಾಫಿ, ಮೂರೂ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಊಟಕ್ಕೂ ಕಾಫಿಗೂ ಒಂದು ಗಂಟೆಯಾದರೂ ಅಂತರ ಇರಲಿ. ಒಂದು ಹೊತ್ತು ಸಣ್ಣ ಮುದ್ದೆ, ಅದಕ್ಕೆ ಹುರುಳಿ ಸಾರೋ ಬಸ್ಸಾರೋ. ಇನ್ನೊಂದು ಹೊತ್ತು ಒಂದು ಬಟ್ಟಲು ಅನ್ನ, ಅದಕ್ಕಿಂತ ಜಾಸ್ತಿ ಪಲ್ಯ, ಬೇಳೆ ಹೆಚ್ಚಾಗಿರುವ ಹುಳಿ. ಮೇಲೆ ಅರ್ಧ ನಿಂಬೆಹಣ್ಣು ಹಿಂಡಿದರೆ ಸೊಪ್ಪಿನ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಅನ್ನ ಬಿಟ್ಟು ಅಮ್ಮ ಹಸಿದುಕೊಂಡು ಇರುವುದು ಬೇಡ.

ರಕ್ತ ಬರಲಿ ಅಂತ ಖರ್ಜೂರ, ಬೆಲ್ಲ ತಿನ್ನಿಸಲು ಹೋಗಬೇಡ. ಎಲ್ಲರೂ ಅದನ್ನೇ ಹೇಳುತ್ತಾರೆ. ಅದರಿಂದ ಬರುವ ಕಬ್ಬಿಣ ಸ್ವಲ್ಪ, ಸಕ್ಕರೆ ಜಾಸ್ತಿ.

ಕೆಂಗೇರಿ ಉಪನಗರ:

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಶುಗರ್ ಇರುವ ಅಪ್ಪನಿಗೆ ಮನೆಯ ಗ್ಲೂಕೋಮೀಟರಿನಲ್ಲಿ ಫಾಸ್ಟಿಂಗ್ 160, ಅದೇ ಬೆಳಿಗ್ಗೆ ಲ್ಯಾಬಿನಲ್ಲಿ 148. ಮೆಷಿನ್ ಬಿಸಾಡಬೇಕಾ?

ನಾಗರಬಾವಿ ಲ್ಯಾಬ್‌ನವನು:

ಬೇಡ ಸರ್. 100 ರ ಮೇಲಿನ ರೀಡಿಂಗ್‌ನಲ್ಲಿ ಶೇಕಡಾ 15 ರಷ್ಟು ಆಚೆ ಈಚೆ ಆಗುವುದನ್ನು ಗ್ಲೂಕೋಮೀಟರ್‌ಗಳ ಅಂತರರಾಷ್ಟ್ರೀಯ ಮಾನದಂಡವೇ ಒಪ್ಪುತ್ತದೆ. ನಿಮ್ಮದು ಅದರೊಳಗೇ ಇದೆ. ಕೈ ಸೋಪು ಹಾಕಿ ತೊಳೆದು ಒರೆಸಿಕೊಂಡು ಚುಚ್ಚಿ, ಹಣ್ಣು ಹೆಚ್ಚಿದ ಕೈಯಲ್ಲಿ ಚುಚ್ಚಿದರೆ ಸುಮ್ನೆ ಜಾಸ್ತಿ ತೋರಿಸುತ್ತದೆ. ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದಿಡಬೇಡಿ, ಎಕ್ಸ್‌ಪೈರಿ ನೋಡಿ. ಆದರೆ ಶುಗರ್ ಇದೆಯೋ ಇಲ್ಲವೋ ಅಂತ ಮೊದಲ ಸಲ ತೀರ್ಮಾನ ಮಾಡುವುದಕ್ಕೆ ಮೀಟರ್ ಬಳಸಬಾರದು, ಅದು ಇರುವವರು ದಿನದಿನದ ಏರಿಳಿತ ನೋಡಿಕೊಳ್ಳುವುದಕ್ಕೆ. ಫಾಸ್ಟಿಂಗ್ 148 ಅಂದರೆ ಅಪ್ಪನ ಮಾತ್ರೆ ವಿಷಯ ಡಾಕ್ಟರ್ ಹತ್ತಿರ ಮಾತಾಡಿ.

ಬಸವನಗುಡಿ ಅತ್ತೆ:

ಕೆಂಗೇರಿಯವರೇ, ಅಪ್ಪನಿಗೆ ವರ್ಷಕ್ಕೊಮ್ಮೆ ಕಣ್ಣಿನ ರೆಟಿನಾ ತೋರಿಸುತ್ತಿದ್ದೀರಾ? ಕಣ್ಣು ಚೆನ್ನಾಗಿ ಕಾಣುತ್ತಿದೆ ಅಂತ ಬಿಡಬೇಡಿ. ಚಾಮರಾಜಪೇಟೆಯ ಮಿಂಟೋ ಸರ್ಕಾರಿ ಆಸ್ಪತ್ರೆಯೇ, ಹೆಚ್ಚು ಖರ್ಚಿಲ್ಲ. ಮೂತ್ರದಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನ್ ಹೋಗುತ್ತಿದೆಯಾ ಅಂತಲೂ ವರ್ಷಕ್ಕೊಮ್ಮೆ ನೋಡಿಸಿ. ಕ್ರಿಯಾಟಿನಿನ್ ಏರುವ ಎಷ್ಟೋ ಮುಂಚೆ ಅದರಲ್ಲಿ ಗೊತ್ತಾಗುತ್ತದೆ. ಮಾಗಡಿ ರೋಡಿನವರ ತಂದೆಯ ವಿಷಯ ಓದಿ ಬೇಜಾರಾಯಿತು, ಅದಕ್ಕೇ ಹೇಳುತ್ತಿದ್ದೇನೆ.

ವಿಜಯನಗರದ ಮಗಳು:

ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಮಾರನೇ ದಿನವೇ ಮನೆ ಹತ್ತಿರದ ಡಾಕ್ಟರಿಗೆ ತೋರಿಸಿದೆವು. ಅವರು ಅಮ್ಮನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ಒಳಗೆ ಬೆಳ್ಳಗಿತ್ತು. ಉಗುರು ನೋಡಿದರು. ಆಮೇಲೆ ಕೇಳಿದ ಮೊದಲ ಪ್ರಶ್ನೆಯೇ ಮುಟ್ಟಿನದ್ದು. ಒಂದು ವರ್ಷದಿಂದ ವಿಪರೀತ ಹೋಗುತ್ತಿದೆಯಂತೆ, ‘ಈ ವಯಸ್ಸಿಗೆ ಎಲ್ಲರಿಗೂ ಹೀಗೇ’ ಅಂತ ಅಮ್ಮ ಯಾರಿಗೂ ಹೇಳಿಲ್ಲ. ನನಗೆ ಕೇಳಿ ಕಣ್ಣಲ್ಲಿ ನೀರು ಬಂತು.

ಫೆರಿಟಿನ್ 6 ಬಂದಿದೆ, ತುಂಬಾ ಕಡಿಮೆ. ಲ್ಯಾಬಿಗೇ ಹೋಗಿ ಗ್ಲೂಕೋಸ್ ಟೆಸ್ಟ್ ಮಾಡಿಸಿದೆವು. 75 ಗ್ರಾಂ ಗ್ಲೂಕೋಸ್ ಕಲಸಿದ ನೀರನ್ನು ಐದು ನಿಮಿಷದೊಳಗೆ ಕುಡಿದು, ಎರಡು ಗಂಟೆ ಓಡಾಡದೆ ಅಲ್ಲೇ ಕುರ್ಚಿಯಲ್ಲಿ ಕೂರಬೇಕಿತ್ತು. ಅಮ್ಮನಿಗೆ ವಾಕರಿಕೆ ಬಂದ ಹಾಗಾಯಿತು, ಆದರೂ ತಡೆದುಕೊಂಡರು. ಫಾಸ್ಟಿಂಗ್ 104, ಎರಡು ಗಂಟೆಗೆ 151. ಬಾರ್ಡರ್, ಸದ್ಯಕ್ಕೆ ಶುಗರ್ ಮಾತ್ರೆ ಬೇಡ ಅಂದರು. ಕಬ್ಬಿಣದ ಮಾತ್ರೆ ಶುರುವಾಗಿದೆ, ಹೆಂಗಸರ ಡಾಕ್ಟರ್ ಹತ್ತಿರ ಸ್ಕ್ಯಾನ್‌ಗೆ ಬರೆದುಕೊಟ್ಟಿದ್ದಾರೆ.

ಎರಡು ಪ್ರಶ್ನೆ ಉಳಿದಿದೆ. ಬಾರ್ಡರ್ ಅಂದರೆ ಯಾವತ್ತಾದರೂ ಶುಗರ್ ಬಂದೇ ಬರುತ್ತದಾ? ಎಚ್‌ಬಿಎ1ಸಿ ಮತ್ತೆ ಯಾವಾಗ ಮಾಡಿಸುವುದು?

ಮಾಗಡಿ ರೋಡ್:

ಕಬ್ಬಿಣದ ವಿಷಯ ನನಗೆ ಗೊತ್ತಿರಲಿಲ್ಲ, ತಿಳಿದಂತಾಯಿತು. ಆದರೆ 151 ಬಂದಿದೆ ಅಂದರೆ ಗಮನ ಇರಲಿ ಮೇಡಂ, ವರ್ಷ ವರ್ಷ ಬಿಡದೆ ಟೆಸ್ಟ್ ಮಾಡಿಸಿ. ದುಡ್ಡಿನ ತೊಂದರೆ ಇರುವವರು ಓದುತ್ತಿದ್ದರೆ, ವಾರ್ಡಿನಲ್ಲಿರುವ ‘ನಮ್ಮ ಕ್ಲಿನಿಕ್’ ಅನ್ನುವ ಸರ್ಕಾರಿ ಕ್ಲಿನಿಕ್‌ನಲ್ಲಿ ಬಿಪಿ, ಶುಗರ್ ದುಡ್ಡಿಲ್ಲದೆ ನೋಡುತ್ತಾರೆ.

ನಾಗರಬಾವಿ ಲ್ಯಾಬ್‌ನವನು:

ಬಂದೇ ಬರುತ್ತದೆ ಅಂತ ಇಲ್ಲ ಮೇಡಂ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ನವರ ಸಮೀಕ್ಷೆ 2023 ರಲ್ಲಿ ಹೊರಬಂತು, ದೇಶದಲ್ಲಿ ಶುಗರ್ ಇರುವವರು ಸುಮಾರು 10.1 ಕೋಟಿ, ಬಾರ್ಡರಿನಲ್ಲಿ ಇರುವವರು 13.6 ಕೋಟಿ ಎಂದು ಅಂದಾಜು ಮಾಡಿದ್ದಾರೆ. ನಿಮ್ಮ ಅಮ್ಮ ಒಬ್ಬರೇ ಅಲ್ಲ. ಚೆನ್ನೈನಲ್ಲಿ ನಡೆದ ಅಧ್ಯಯನ ಒಂದಿದೆ, 2006 ರಲ್ಲಿ ಪ್ರಕಟವಾಯಿತು. ಅಮ್ಮನ ಥರವೇ ಗ್ಲೂಕೋಸ್ ಟೆಸ್ಟ್‌ನಲ್ಲಿ ಬಾರ್ಡರ್ ಬಂದವರನ್ನು ತೆಗೆದುಕೊಂಡು ನಡಿಗೆ, ಊಟ ಬದಲಾಯಿಸಿ ನೋಡಿದರು. ಶುಗರ್ ಬರುವ ಸಾಧ್ಯತೆ ಶೇಕಡಾ 28.5 ರಷ್ಟು ಕಡಿಮೆಯಾಯಿತು. ಮಾತ್ರೆ ಕೊಟ್ಟ ಗುಂಪಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಸೊಂಟದ ಸುತ್ತಳತೆ ಟೇಪಿನಲ್ಲಿ ನೋಡಿಕೊಳ್ಳಿ, ನಮ್ಮ ಹೆಂಗಸರಿಗೆ 80 ಸೆಂಟಿಮೀಟರ್ ಒಳಗೆ ಇದ್ದರೆ ಒಳ್ಳೆಯದು. ಆದರೆ ಹಿಮೋಗ್ಲೋಬಿನ್ ಏರುವ ಮೊದಲೇ ಅಮ್ಮನನ್ನು ಜೋರಾಗಿ ನಡೆಸಬೇಡಿ, ಏದುಸಿರು ಹೋಗಲಿ.

ಎಚ್‌ಬಿಎ1ಸಿ ಈಗಲೇ ಬೇಡ. ಕಬ್ಬಿಣ ಶುರು ಮಾಡಿದ ಮೇಲೆ ಹೊಸ ಕಣಗಳು ಗುಂಪಾಗಿ ಬರುತ್ತವೆ, ಅವಕ್ಕೆ ಇನ್ನೂ ಸಕ್ಕರೆ ಹತ್ತಿರುವುದಿಲ್ಲ. ಆಗ ಮಾಡಿಸಿದರೆ 5.6, 5.7 ಅಂತ ಬಂದು ಸುಳ್ಳು ಸಮಾಧಾನ ಆಗಬಹುದು. ಹಿಮೋಗ್ಲೋಬಿನ್ ಸರಿಹೋಗಿ ಮೂರು ತಿಂಗಳು ಕಳೆಯಲಿ. ಮಧ್ಯದಲ್ಲಿ ನೋಡಲೇಬೇಕು ಅನಿಸಿದರೆ ಫಾಸ್ಟಿಂಗ್, ಊಟ ಆದ ಮೇಲಿನದು ಸಾಕು, ಎರಡು ಗಂಟೆಯನ್ನು ಮೊದಲ ತುತ್ತಿನಿಂದ ಎಣಿಸಿ.

ಕಬ್ಬಿಣದ ಮಾತ್ರೆ ತೆಗೆದುಕೊಳ್ಳುವಾಗ ಮಲ ಕಪ್ಪಗಾಗುತ್ತದೆ, ಅಮ್ಮ ಹೆದರಿ ನಿಲ್ಲಿಸಿಬಿಡಬಾರದು, ಮೊದಲೇ ಹೇಳಿಡಿ. ಹಿಮೋಗ್ಲೋಬಿನ್ 12 ಮುಟ್ಟಿತು ಅಂತ ತಾವಾಗಿಯೇ ಬಿಡುವುದೂ ಬೇಡ, ಒಳಗಿನ ದಾಸ್ತಾನು ತುಂಬಲು ಇನ್ನೂ ಕೆಲವು ತಿಂಗಳು ಬೇಕು, ಡಾಕ್ಟರ್ ಹೇಳುವವರೆಗೆ ಮುಂದುವರಿಸಿ. ಮುಂದಿನ ಸಲ ಟೆಸ್ಟ್ ಬರೆಸಿಕೊಳ್ಳುವಾಗ ಎಚ್‌ಬಿಎ1ಸಿ, ಹಿಮೋಗ್ಲೋಬಿನ್, ಫೆರಿಟಿನ್ ಮೂರನ್ನೂ ಒಂದೇ ದಿನ, ಒಂದೇ ಲ್ಯಾಬಿನಲ್ಲಿ ಮಾಡಿಸಿ. ಪ್ಯಾಕೇಜ್ ಬೇಡ.