ಚರ್ಚ್ ಮದುವೆ, ಮಂಟಪದಲ್ಲಿ ಧಾರೆ: ಎರಡೂ ನಡೆಯುತ್ತದೆಯೇ?

ಹೇಮಾವತಿ ದಂಡೆ, ಸಕಲೇಶಪುರ:
ಅಕ್ಕನ ಮಗಳು ಕಥೋಲಿಕಳು. ಹುಡುಗ ಮೂಡಿಗೆರೆ ಕಡೆಯ ಹಿಂದೂ ಮನೆತನದವನು, ಕೂಡು ಕುಟುಂಬದ ತೋಟವಿದೆ. ಯಾರೂ ಮತ ಬದಲಿಸುವುದಿಲ್ಲ ಎಂದು ಮಾತಾಗಿದೆ. ಬೆಳಿಗ್ಗೆ ಚರ್ಚ್, ಮಧ್ಯಾಹ್ನ ಧಾರೆ ಎನ್ನುವುದು ಅವರ ಆಸೆ. ಫಾದರ್ ಒಪ್ಪುತ್ತಾರಾ? ತಾಳಿ ಕಟ್ಟಬಹುದಾ?

ಜಪಸರ:
ಮತ ಬದಲಿಸದೆ ಚರ್ಚ್‌ನಲ್ಲಿ ಮದುವೆಯಾಗಬಹುದು, ಆದರೆ ಧರ್ಮಾಧ್ಯಕ್ಷರ (ಬಿಷಪ್) ವಿನಾಯಿತಿ ಬೇಕೇ ಬೇಕು (ಕ್ಯಾನನ್ 1086, ಅಂದರೆ ಕಥೋಲಿಕ ಚರ್ಚಿನ ಕಾನೂನಿನ 1086ನೇ ವಿಧಿ). ಅದಿಲ್ಲದಿದ್ದರೆ ಧರ್ಮಸಭೆಯ, ಅಂದರೆ ಚರ್ಚಿನ, ಲೆಕ್ಕದಲ್ಲಿ ಮದುವೆ ಅಸಿಂಧು. ಹುಡುಗಿಯ ಧರ್ಮಕೇಂದ್ರದ (ಅವಳ ಚರ್ಚಿನ) ಗುರುಗಳ ಮೂಲಕ ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ (ಬಿಷಪರ ಆಡಳಿತ ಪ್ರದೇಶ) ಅರ್ಜಿ ಹೋಗಬೇಕು. ಹಾಸನ ಜಿಲ್ಲೆಯೂ ಅದಕ್ಕೇ ಸೇರಿದೆ.

ತಡವಾಗುವುದು ಸಾಮಾನ್ಯವಾಗಿ ಹುಡುಗಿಯ ಜ್ಞಾನಸ್ನಾನ (ಬ್ಯಾಪ್ಟಿಸಮ್) ಪತ್ರದಿಂದ. ಮನೆಯ ಪೆಟ್ಟಿಗೆಯಲ್ಲಿರುವ ಹಳೆಯ ಪ್ರತಿ ನಡೆಯದು, ಆರು ತಿಂಗಳೊಳಗೆ ಬರೆಸಿದ್ದು ಬೇಕು. ಹಿಂದೆ ಮದುವೆಯಾಗಿದ್ದರೆ ಅದನ್ನು ಮೂಲ ರಿಜಿಸ್ಟರಿನ ಅಂಚಿನಲ್ಲಿ ಬರೆದಿರುತ್ತಾರೆ, ಅದನ್ನು ನೋಡಿಯೇ ಹೊಸ ಪತ್ರ ಕೊಡುವುದು. ಜ್ಞಾನಸ್ನಾನ ಯಾವ ಊರಲ್ಲಾಗಿದೆಯೋ ಅಲ್ಲಿಂದಲೇ ತರಿಸಿ.

ತನ್ನ ವಿಶ್ವಾಸ ಬಿಡುವುದಿಲ್ಲ, ಮಕ್ಕಳಿಗೆ ಜ್ಞಾನಸ್ನಾನ ಕೊಡಿಸಲು ಕೈಲಾದದ್ದೆಲ್ಲ ಮಾಡುತ್ತೇನೆ ಎಂದು ಹುಡುಗಿ ಮಾತು ಕೊಡಬೇಕು. ಹುಡುಗ ಮಾತು ಕೊಡಬೇಕಿಲ್ಲ, ಆದರೆ ಅವನಿಗೆ ಇದು ಮೊದಲೇ ತಿಳಿದಿರಬೇಕು. ಮದುವೆ ಮುಗಿದ ಮೇಲೆ ಹೇಳಿದರಾಯಿತು ಎಂದು ಮುಚ್ಚಿಟ್ಟರೆ ಮೊದಲ ಮಗುವಿನ ನಾಮಕರಣದ ಹೊತ್ತಿಗೆ ಮನೆ ಒಡೆಯುತ್ತದೆ.

ಧಾರೆ ಮಾತ್ರ ಆಗದು. ಚರ್ಚ್ ಮದುವೆಯ ಹಿಂದೆಯಾಗಲಿ ಮುಂದೆಯಾಗಲಿ, ಒಪ್ಪಿಗೆ ಕೊಡುವ ಇನ್ನೊಂದು ಧಾರ್ಮಿಕ ವಿಧಿಗೆ ಕ್ಯಾನನ್ 1127 ಅವಕಾಶ ಕೊಡುವುದಿಲ್ಲ. ತಾಳಿಗೆ ಅಡ್ಡಿಯಿಲ್ಲ. ಇಬ್ಬರೂ ಒಪ್ಪಿಗೆ ಹೇಳಿದ ಮೇಲೆ ಗುರುಗಳು ಉಂಗುರದ ಜೊತೆ ತಾಳಿಯನ್ನೂ ಆಶೀರ್ವದಿಸುತ್ತಾರೆ, ಹುಡುಗ ಅಲ್ಲೇ ಕಟ್ಟುತ್ತಾನೆ. ಇಂಥ ಮದುವೆಯಲ್ಲಿ ಬಲಿಪೂಜೆ (ಮಾಸ್) ಇರುವುದಿಲ್ಲ. ವಾಚನ, ಪ್ರವಚನ, ಮದುವೆಯ ವಿಧಿ, ಪ್ರಾರ್ಥನೆ ಅಷ್ಟೆ. ಬಲಿಪೂಜೆಯಲ್ಲಿ ಕಥೋಲಿಕರಿಗೆ ಮಾತ್ರ ಕೊಡುವ ಪರಮಪ್ರಸಾದದ ಮುಜುಗರವೂ ಹುಡುಗನ ಕಡೆಯವರಿಗೆ ತಪ್ಪುತ್ತದೆ.

ಹೇಮಾವತಿ ದಂಡೆ:
ಹಾಗಾದರೆ ಮಂಟಪದಲ್ಲಿ ಏನೂ ಮಾಡಬಾರದೇ?

ಜಪಸರ:
ಮಾಡಿ. ಆರತಿ, ಹಿರಿಯರ ಆಶೀರ್ವಾದ, ಊಟ ಎಲ್ಲ ಆಗಬಹುದು. ಹಿಂದಿನ ದಿನ ಅವರ ಮನೆಯಲ್ಲಿ ಅರಿಶಿನ, ನಿಮ್ಮಲ್ಲಿ ರೂಢಿಯಿದ್ದರೆ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರ. ಅವು ಒಪ್ಪಿಗೆಯ ವಿಧಿಗಳಲ್ಲ. ಕನ್ಯಾದಾನ, ಸಪ್ತಪದಿ ಬೇಡ. ಇದನ್ನು ಪುರೋಹಿತರಿಗೂ ಮೊದಲೇ ಹೇಳಿಡಿ, ಇಲ್ಲದಿದ್ದರೆ ಅವರು ಅಭ್ಯಾಸಬಲದಿಂದ ಶುರುಮಾಡಿಬಿಡುತ್ತಾರೆ.

ಖಾತೆ-ಪಹಣಿ:
ಕಾನೂನಿನ ವಿಷಯ. ಹಿಂದೂ ವಿವಾಹ ಕಾಯ್ದೆಗೆ (1955) ಇಬ್ಬರೂ ಹಿಂದೂಗಳಾಗಿರಬೇಕು, ಆದ್ದರಿಂದ ಬರೀ ಧಾರೆ ಎರೆದರೆ ಈ ಜೋಡಿಗೆ ಕಾನೂನಿನ ಬಲವಿಲ್ಲ. ಚರ್ಚ್ ಮದುವೆಗೆ ಅನ್ವಯಿಸುವ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಗೆ (1872) ಒಬ್ಬರು ಕ್ರೈಸ್ತರಾದರೂ ಸಾಕು. ವಿಶೇಷ ವಿವಾಹ ಕಾಯ್ದೆಗೆ (1954) 30 ದಿನದ ನೋಟಿಸ್, ಮೂವರು ಸಾಕ್ಷಿ ಬೇಕು.

ತೋಟ ಇರುವುದರಿಂದ ಇದನ್ನು ಗಮನಿಸಿ: 1954ರ ಕಾಯ್ದೆಯಡಿ ಮದುವೆಯಾದರೆ, ಅಥವಾ ಆದ ಮದುವೆಯನ್ನು ಅದರಡಿ ನೋಂದಾಯಿಸಿದರೂ, ಹುಡುಗ ಕೂಡು ಕುಟುಂಬದಿಂದ ಬೇರೆಯಾದಂತೆ (ಕಲಂ 19). ಅವನ ಪಾಲು ಹೋಗುವುದಿಲ್ಲ. ಆದರೆ ಮುಂದೆ ಅವನ ಆಸ್ತಿಯ ವಾರಸುದಾರಿಕೆ 1925ರ ಉತ್ತರಾಧಿಕಾರ ಕಾಯ್ದೆಯ ಪ್ರಕಾರ. ಅವನ ತಂದೆ, ಅಣ್ಣತಮ್ಮಂದಿರ ಜೊತೆ ಕೂತು ಮಾತಾಡಿ, ವಕೀಲರನ್ನೂ ಕೇಳಿ.

ಜಪಸರ:
ದಿನದ ಬಗ್ಗೆ ಒಂದು ಮಾತು. ನಾವು ತಪಸ್ಸುಕಾಲದಲ್ಲಿ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು) ಮದುವೆ ಇಡುವುದಿಲ್ಲ, ಅವರು ಆಷಾಢ, ಧನುರ್ಮಾಸ ಬಿಡುತ್ತಾರೆ, ನವೆಂಬರ್ ಆದರೆ ತೋಟದಲ್ಲಿ ಕಾಫಿ ಹಣ್ಣಿನ ಕೊಯ್ಲು. ಈಸ್ಟರ್ ಕಳೆದ ಮೇಲಿನ ವೈಶಾಖ ಇಬ್ಬರಿಗೂ ಹೊಂದುತ್ತದೆ. ಅರ್ಜಿಯನ್ನು ಕ್ರಿಸ್‌ಮಸ್ಸಿಗೆ ಮೊದಲೇ ಕೊಡಿ, ವಿನಾಯಿತಿ ಕೈಗೆ ಬಂದ ಮೇಲೆ ಕರೆಯೋಲೆ ಅಚ್ಚು ಹಾಕಿಸಿ.