ಕುಣಿ ಮಗ್ಗದಲ್ಲಿ ಕೂರುವ ಅಪ್ಪನ ಟೊಂಕ ನೋವು: ಮಾಲೀಶು ಮಾಡಿಸಲಾ, ನೆಟಿಕೆ ತೆಗೆಸಲಾ?

ಇಳಕಲ್‌ನಿಂದ:
ಅಪ್ಪನಿಗೆ 56 ವರ್ಷ. ಸಣ್ಣವರಿದ್ದಾಗಿಂದ ಸೀರೆ ನೇಯುತ್ತಿದ್ದಾರೆ. ಕಾಲು ಕುಣಿಯೊಳಗೆ ಇಳಿಬಿಟ್ಟು, ಮುಂದಕ್ಕೆ ಬಾಗಿ, ದಿನಕ್ಕೆ ಎಂಟು ತಾಸು. ನಾಲ್ಕು ತಿಂಗಳಿಂದ ಟೊಂಕ ನೋವು, ಈಗ ಕುತ್ತಿಗೆಯೂ ಹಿಡಿದುಕೊಂಡಿದೆ. ಪಕ್ಕದೂರಲ್ಲಿ ಒಬ್ಬರು ಕುತ್ತಿಗೆ ತಿರುವಿ ಲಟಕ್ ಅನ್ನಿಸುತ್ತಾರಂತೆ, ಮೂರೇ ಸಲಕ್ಕೆ ವಾಸಿಯಂತೆ. ರಾತ್ರಿಯೆಲ್ಲಾ ಓದಿದೆ, ಒಬ್ಬರು ಮಾಲೀಶು ಅಂತಾರೆ, ಇನ್ನೊಬ್ಬರು ಬೆಲ್ಟ್ ಅಂತಾರೆ, ಯಾವುದನ್ನು ನಂಬಬೇಕೋ ತಿಳಿಯುತ್ತಿಲ್ಲ. ಅಪ್ಪ ಮಗ್ಗ ಬಿಟ್ಟು ಕೂರುವವರಲ್ಲ.

ವಿಜಯಪುರದಿಂದ, ಫಿಸಿಯೋಥೆರಪಿಸ್ಟ್:
ಮೊದಲು ಕುತ್ತಿಗೆ ಮಾತು. ದಯವಿಟ್ಟು ಆ ಲಟಕ್ ಬೇಡ. ಕುತ್ತಿಗೆಯನ್ನು ಗಕ್ಕನೆ ತಿರುವಿದ ಮೇಲೆ ಮೆದುಳಿಗೆ ಹೋಗುವ ರಕ್ತನಾಳದ ಒಳಪದರ ಹರಿದು ಲಕ್ವ ಹೊಡೆದ ಉದಾಹರಣೆಗಳಿವೆ. ಅಪರೂಪ, ನಿಜ. ಆದರೂ ಅಪ್ಪನ ಕುತ್ತಿಗೆ ಅಲ್ವಾ? ಆ ಸದ್ದು ಎಲುಬು ಜಾಗಕ್ಕೆ ಕೂತಿದ್ದರ ಗುರುತೂ ಅಲ್ಲ, ಕೀಲಿನೊಳಗಿನ ದ್ರವದಲ್ಲಿ ಏಳುವ ಗಾಳಿಗುಳ್ಳೆಯದು.

ಟೊಂಕಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಕೊಟ್ಟ ಮಾರ್ಗಸೂಚಿ ಓದಿ. ಮೂರು ತಿಂಗಳು ದಾಟಿದ ನೋವಿನ ಬಗ್ಗೆಯೇ ಇದೆ. ವ್ಯಾಯಾಮ, ಮಸಾಜ್, ತರಬೇತಿ ಪಡೆದವರು ಬೆನ್ನಿಗೆ ಕೈಯಿಂದ ಕೊಡುವ ಚಿಕಿತ್ಸೆ, ಇವನ್ನು ಒಪ್ಪುತ್ತದೆ. ಬೆಲ್ಟ್, ಟ್ರ್ಯಾಕ್ಷನ್ (ಬೆನ್ನನ್ನು ಎಳೆದು ಹಿಡಿಯುವ ಚಿಕಿತ್ಸೆ) ಬೇಡ ಅನ್ನುತ್ತದೆ. ಮಾಲೀಶಿನಿಂದ ಕೆಲವು ದಿನ ಹಗುರ ಅನಿಸುತ್ತದೆ, ಆ ದಿನಗಳಲ್ಲೇ ನಡಿಗೆ, ವ್ಯಾಯಾಮ ಶುರು ಮಾಡಿಸಿ. ಕಾಲಿನ ಬಲ ಕಡಿಮೆಯಾದರೆ, ತೊಡೆಸಂದಿ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಬೆಳಗಾವಿಯಿಂದ:
ಸ್ಕ್ಯಾನ್ ಮಾಡಿಸಿದರೆ ವರದಿ ನೋಡಿ ಹೆದರಬೇಡಿ. 'ಡಿಸ್ಕ್ ಸವೆದಿದೆ' ಅಂತ ಓದಿ ನಾನು ಎರಡು ತಿಂಗಳು ಸುಮ್ನೆ ಮಲಗಿಬಿಟ್ಟೆ, ನೋವು ಜಾಸ್ತಿಯಾಯಿತು. 2015ರಲ್ಲಿ ಹಲವು ಅಧ್ಯಯನಗಳನ್ನು ಸೇರಿಸಿ ನೋಡಿದಾಗ, ನೋವೇ ಇಲ್ಲದ 50 ವರ್ಷದವರಲ್ಲೂ ನೂರಕ್ಕೆ 80 ಮಂದಿಗೆ ಇಂಥ ಸವೆತ ಕಂಡಿತ್ತು. ಇದು ವೈದ್ಯಕೀಯ ಸಂಶೋಧನೆಗಳನ್ನು ಹುಡುಕುವ ಜಾಲತಾಣ ಪಬ್‌ಮೆಡ್‌ನಲ್ಲಿ ಸಿಗುತ್ತದೆ. ಯೂಟ್ಯೂಬ್ ಬಿಡಿ, ಪಬ್‌ಮೆಡ್‌ನಲ್ಲಿ 'ಸಿಸ್ಟಮ್ಯಾಟಿಕ್ ರಿವ್ಯೂ' (ಹೀಗೆ ಹಲವು ಅಧ್ಯಯನಗಳನ್ನು ಸೇರಿಸಿ ನೋಡುವ ವರದಿ) ಅಂತ ಹುಡುಕಿ.

ಗುಳೇದಗುಡ್ಡದಿಂದ:
ನಾನೂ ಖಣ ನೇಯುವವನು. ನಾಲ್ಕೈದು ಕಂಡಿಕೆ (ಲಾಳಿಯೊಳಗಿನ ನೂಲಿನ ಸುರುಳಿ) ಮುಗಿದಾಗೆಲ್ಲಾ ಕುಣಿಯಿಂದ ಮೇಲೆದ್ದು ಓಣಿಯ ತುದಿವರೆಗೆ ನಡೆದು ಬರುತ್ತೇನೆ. ಕೂರುವ ಹಲಗೆ ಮೇಲೆ ಮಡಚಿದ ಕೌದಿ ಹಾಕಿದ್ದೇನೆ, ಬಾಗುವುದು ಕಡಿಮೆಯಾಗಿದೆ. ರಾತ್ರಿ ಬಿಸಿನೀರಿನ ಶಾಖ. ನೋವು ಪೂರ್ತಿ ಹೋಗಿಲ್ಲ, ಆದರೆ ಮಗ್ಗ ನಿಂತಿಲ್ಲ.

ಇಳಕಲ್‌ನಿಂದ:
ಅಪ್ಪನಿಗೆ ಎಲ್ಲಾ ಓದಿ ಹೇಳಿದೆ. ಕುತ್ತಿಗೆಯದನ್ನು ಕೇಳಿ ಗಾಬರಿಯಾದರು, ಕಂಡಿಕೆ ಲೆಕ್ಕ ಮಾತ್ರ ತಕ್ಷಣ ಒಪ್ಪಿದರು. ಹಲಗೆಯ ಮೇಲೆ ಕೌದಿ ಎಷ್ಟು ಎತ್ತರ ಇರಬೇಕು ಅಂತ ಕೇಳುತ್ತಿದ್ದಾರೆ.